ಖಾಲಿ ಇರಬೇಕಾದ ಕೋಣೆ

ನನ್ನ ಮೊಮ್ಮಗಳು ನಮ್ಮ ಹೊಲದ ಮೂಲೆಯಲ್ಲಿ ಸುಮ್ಮನೆ ಕೂರಲಿಕ್ಕೆಂದೇ ಒಂದು ಕೋಣೆ ಕಟ್ಟಿಕೊಂಡಿದ್ದಾಳೆ. ಈ ಸುದ್ದಿಯನ್ನು ಹಿರೇಕೆರೂರು ಸಂತೆಯಲ್ಲಿ ಕಂಡವರಿಗೆಲ್ಲ ಹೇಳಿ ಮುಗಿದಿದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದ್ದೇನೆ. ಉಳಿದವರಿಗಾಗಿ ಈಗ ಬರೆಯುತ್ತಿದ್ದೇನೆ. ನಾನು ಸಾಲೆ ಕಲಿತದ್ದು ಕಡಿಮೆ, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಅವಳು ತಾಲೂಕಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬೆಳಿಗ್ಗೆ ಚಿಕ್ಕೇರೂರಿನಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಸಾಲೆಯಲ್ಲಿ ಮಕ್ಕಳ ಗದ್ದಲ, ಮನೆಗೆ ಬಂದರೆ ನಮ್ಮ ಗದ್ದಲ. ಹೋದ ಬೇಸಿಗೆಯಲ್ಲಿ ಅವಳಿಗೆ ನಿದ್ದೆಯೇ ಹಾರಿಹೋಯಿತು. ತಾಟಿನ ಮುಂದೆ ಕೂತು ಎತ್ತಲೋ ನೋಡುವಳು, ರೊಟ್ಟಿ ಆರಿ ಸೆಟೆದುಕೊಳ್ಳುವುದು. ದಿನಾ ಸ್ವಲ್ಪ ಹೊತ್ತು ಒಬ್ಬಳೇ ಕೂತು ಧ್ಯಾನ ಮಾಡು, ಗುಳಿಗೆ ಆಮೇಲೆ ನೋಡೋಣ ಎಂದರಂತೆ ಡಾಕ್ಟರು. ನಮ್ಮ ಮನೆಯಲ್ಲಿ ಒಬ್ಬರೇ ಕೂರುವುದು ಆಗದ ಮಾತು. ಒಬ್ಬರು ಕೂತರೆ, ಏನಾಯಿತೆಂದು ಕೇಳಲು ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂರುತ್ತಾರೆ.

ಹೀಗಾಗಿ ಹೊಲದ ಬೇವಿನ ಮರದ ಕೆಳಗೆ, ಬರೀ ಕಲ್ಲಿದ್ದು ಏನೂ ಬೆಳೆಯದ ಮೂಲೆಯನ್ನು ಅವಳು ಆರಿಸಿಕೊಂಡಳು. ನನ್ನ ರಂಗೋಲಿ ಬಟ್ಟಲು ಒಯ್ದು ನೆಲದ ಮೇಲೆ ಗೆರೆ ಎಳೆದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ. "ಅಮ್ಮ, ಗೆರಿ ಒಳಗ ಕುಂದರು. ಕೈ ಚಾಚು. ಇಷ್ಟ ಸಾಕಲ್ಲ?" ಅಂದಳು.

"ಸಾಕವ್ವ. ಕೋಳಿಗೂಡು ಇದಕಿಂತ ದೊಡ್ಡದೈತಿ," ಅಂದೆ.

ಸಿಮೆಂಟು ಬೇಡವೆಂದಳು. ಬದುವಿನ ಮೇಲೆ ನಾವು ಆಯ್ದು ಒಗೆದಿದ್ದ ಕಲ್ಲು ಬುನಾದಿಗೆ ಬಂತು. ಗೋಡೆಗೆ ಕೆರೆಯ ಮಣ್ಣು, ಜೋಳದ ಹೊಟ್ಟು ಕಲಸಿ ತುಳಿದು ಹದ ಮಾಡಿದ್ದು. ಹಳೆಯ ದನದ ಕೊಟ್ಟಿಗೆಯ ತೊಲೆ, ಹಂಚು, ಬಾಗಿಲು ಎಲ್ಲ ಮೂಲೆಗೆ ಬಿದ್ದಿದ್ದವು, ಅವೂ ಎದ್ದು ಬಂದವು. ಕಿಟಕಿಯನ್ನು ಬಹಳ ಕೆಳಗೆ ಇಡಿಸಿದಳು. ನಿಂತರೆ ಅದರಲ್ಲಿ ಕಾಣುವುದು ನಮ್ಮ ಕಾಲಷ್ಟೇ. ಕೂತರೆ ಇಡೀ ಗೋವಿನಜೋಳದ ಹೊಲ ಕಣ್ಣ ಮುಂದೆ ನಿಲ್ಲುತ್ತದೆ. ಹಂಚಿನ ನೀರು ಇಳಿದು ಬೇವಿನ ಬುಡಕ್ಕೇ ಹೋಗುವಂತೆ ಸಣ್ಣ ಕಾಲುವೆ. ಗೋಡೆ ಸಾರಿಸಿದ್ದು ನಾನು. ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ನನ್ನ ಮಗ, ಅಂದರೆ ಅವಳ ಅಪ್ಪ, ಕಲ್ಲು ಹೊರುತ್ತಲೇ ಚುಚ್ಚುತ್ತಿದ್ದ. "ನಮ್ಮಪ್ಪ ಬದುವಿನ ಮ್ಯಾಲ ಕುಂತ ಧ್ಯಾನ ಮಾಡ್ತಿದ್ದ. ಅವಂಗ ಹಂಚು, ಕಿಡಕಿ ಏನೂ ಬೇಕಾಗಿದ್ದಿಲ್ಲ."

"ಅಜ್ಜ ಧ್ಯಾನ ಮಾಡ್ತಿದ್ದಿಲ್ಲಪ್ಪ. ಬೀಡಿ ಸೇದಕೋತ ಕರೆಂಟ್ ಬರೂದ ಕಾಯ್ತಿದ್ದ."

ಕೋಣೆ ಮುಗಿಯಿತು. ಸಂಜೆ ಬಸ್ಸಿಳಿದು ಸೀದಾ ಅಲ್ಲಿಗೆ ಹೋಗುವಳು. ಮೊದಲಿಗೆ ಬಂದು, "ಏನೂ ಆಗಲಿಲ್ಲಮ್ಮ, ತಲಿ ಒಳಗ ಬರೀ ಲೆಕ್ಕ," ಅನ್ನುತ್ತಿದ್ದಳು. ಆಮೇಲಾಮೇಲೆ ಊಟ ಹೊಟ್ಟೆಗೆ ಹತ್ತಿತು. ನಿದ್ದೆ ಬರತೊಡಗಿತು. ಅವಳು ಮಲಗಿದ್ದನ್ನು ನೋಡುತ್ತ ನಾನು ಎಚ್ಚರವಿರುತ್ತಿದ್ದೆ, ಅಂಥ ಸಂತೋಷ ನನಗೆ.

ಅಷ್ಟರಲ್ಲಿ ಸುಗ್ಗಿ ಬಂತು. ಗೋವಿನಜೋಳ ಬಡಿದು ಕಣದಲ್ಲಿ ಹರವಿದ ಹೊತ್ತಿಗೆ ಮೋಡ ಕವಿಯಿತು. ಹೊಲದಲ್ಲಿ ಸೋರದ ಕೋಣೆ ಅಂದರೆ ಅದೊಂದೇ. ಮಗ ಚೀಲಗಳನ್ನೆಲ್ಲ ಅದರೊಳಗೆ ಒಟ್ಟಿದ. ಮೊಮ್ಮಗಳು ಬಂದು ನೋಡಿ, "ಇರಲಿ, ಕಾಳು ತೊಯ್ಯಬಾರದು," ಅಂದಳು. ಮಳೆ ಹೋಯಿತು, ಚೀಲ ಹೋಗಲಿಲ್ಲ. ಚೀಲದ ಮೇಲೆ ಪೈಪಿನ ಸುರುಳಿ ಬಂತು, ಅದರ ಮೇಲೆ ಔಷಧ ಹೊಡೆಯುವ ಪಂಪು. ಪಕ್ಕದ ಹೊಲದವರೂ ಕೇಳಿಕೊಂಡು ಬಂದು ಗೊಬ್ಬರದ ಚೀಲ ಇಟ್ಟುಹೋದರು. ರೈತರ ಕಣ್ಣಿಗೆ ಖಾಲಿ ಕೋಣೆ ಅಂದರೆ ಉಪವಾಸ ಕೂತ ಮನುಷ್ಯನಿದ್ದ ಹಾಗೆ, ಏನಾದರೂ ಹಾಕುವ ತನಕ ಸಮಾಧಾನವಿಲ್ಲ.

ಅವಳು ಜಗಳ ಮಾಡಲಿಲ್ಲ. ಅದೇ ನನಗೆ ಹೆದರಿಕೆ. ಮತ್ತೆ ತಾಟಿನ ಮುಂದೆ ಎತ್ತಲೋ ನೋಡತೊಡಗಿದಳು, ಕಣ್ಣಿನ ಸುತ್ತ ಕಪ್ಪು ಕಟ್ಟಿತು. ನಾನು ಒಂದು ಉಪಾಯ ಹೇಳಿದೆ: "ಒಳಗ ಒಂದು ಲಿಂಗ ಇಟ್ಟು ಬಿಡೋಣು. ದೇವರ ಮನ್ಯಾಗ ಯಾರು ಚೀಲ ಇಡತಾರ?"

"ಚೀಲ ಇಡೂದಿಲ್ಲ, ಗಂಟಿ ತರ್ತಾರ. ಕಾಯಿ ಒಡಿತಾರ. ಸೋಮವಾರ ಪಾಳಿ ಹಚ್ಚತಾರ. ನಾ ಹೊರಗ ಕುಂದರಬೇಕಾಕ್ಕೈತಿ," ಅಂದಳು.

ಅದೂ ಖರೆಯೇ. ಆಮೇಲೆ ಒಂದು ರವಿವಾರ ಅವಳು ಕೋಣೆಯ ಮುಂದೆ ನಿಂತು, ಅಪ್ಪ ಚೀಲ ಬೆನ್ನಿಗೇರಿಸಿಕೊಂಡು ಹೊರಬರುವುದನ್ನು ಬಹಳ ಹೊತ್ತು ನೋಡಿದಳು. ನೋಡಿ ನಗತೊಡಗಿದಳು. "ಅಪ್ಪಂದೇನೂ ತಪ್ಪಿಲ್ಲಮ್ಮ. ಕೊಟಗಿ ಬಾಗಲಾ ತಂದ ಹಚ್ಚೇವಿ. ಜೋಡೆತ್ತು ಹೋಗೂ ಬಾಗಲದಾಗ ಚೀಲ ಹೋಗದ ಇರತಾವೇನು?"

ಒಳಗಿನ ಚೀಲ ಎಲ್ಲ ಹೊರಗೆ ಹಾಕಿಸಿ ಬಾಗಿಲು ಕಿತ್ತರು. ಅದರ ಅರ್ಧಕ್ಕೆ ಗೋಡೆ ಎತ್ತಿ, ಉಳಿದದ್ದನ್ನು ಗಿಡ್ಡ ಮಾಡಿ, ಒಬ್ಬರು ಬಾಗಿ, ಅಡ್ಡಡ್ಡ ತಿರುಗಿ ಒಳಗೆ ಹೋಗುವಷ್ಟು ಬಿಟ್ಟಳು. ಹೊಸಿಲು ಮೊಣಕಾಲೆತ್ತರ.

"ಮತ್ತ ನನ್ನ ಚೀಲ?" ಅಂದ ಮಗ, ಸೊಂಟದ ಮೇಲೆ ಕೈಯಿಟ್ಟು.

"ಅವಕ್ಕೂ ಮನಿ ಕಟ್ಟೋಣು, ಬಾ." ಕಣದ ಪಕ್ಕದಲ್ಲಿ ಮತ್ತೆ ರಂಗೋಲಿ ಗೆರೆ ಎಳೆದಳು. ಕಲ್ಲಿನ ಕಾಲು, ನೆಲದಿಂದ ಎತ್ತರದ ಹಾಸು, ಮೇಲೆ ತಗಡು. ಗೊಣಗುತ್ತಲೇ ಕಟ್ಟಿದ. ಕಟ್ಟಿದ ಮೇಲೆ ಗೊಬ್ಬರದ ಚೀಲದವರನ್ನು ಅವನೇ ಕರೆದು ತೋರಿಸಿದ.

ಕೊನೆಯ ರಾಶಿ ಒಣಗುತ್ತಿದ್ದಾಗ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ಅವತ್ತು ಸಾಲೆಗೆ ರಜೆ, ಅವಳು ಕೋಣೆಯಲ್ಲಿದ್ದಳು. ಮಗ ಚೀಲ ಹೊತ್ತು ಓಡಿದ. ರೂಢಿಯ ಮೇಲೆ ಕಾಲು ಕೋಣೆಯ ಕಡೆಗೇ ತಿರುಗಿದವು. ಬಾಗಿಲ ಮುಂದೆ ಬಂದು ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಚೀಲ ಗೋಡೆಗೆ ತಾಗಿತೇ ಹೊರತು ಒಳಗೆ ಹೋಗಲಿಲ್ಲ. ಮಳೆಯಲ್ಲಿ ಹಾಗೇ ನಿಂತು ನನ್ನ ಕಡೆ ನೋಡಿದ. ನಾನು ಕಿಟಕಿಯ ಹೊರಗೆ, ಹಂಚಿನ ಸೂರಿನ ಕೆಳಗೆ ಕೂತಿದ್ದೆ.

"ಅವ್ವ, ಆಕಿ ಒಳಗ ಏನ ಮಾಡಾಕತ್ತಾಳ?"

ಇಣುಕಿದೆ. ಗೋಡೆಗೆ ತಲೆಯಾನಿಸಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣವಳಿದ್ದಾಗ ನನ್ನ ತೊಡೆಯ ಮೇಲೆ ಇರುತ್ತಿದ್ದ ಹಾಗೆ.

"ನಿದ್ದಿ ಹತ್ತೇತಿ," ಅಂದೆ.

"ಹಂಗಾರ ಮೆಲ್ಲಕ ಮಾತಾಡು," ಅಂದ ಅವನು. ಕಣದಲ್ಲಿದ್ದ ಆಳುಗಳಿಗೂ ಕೂಗಬೇಡಿರೆಂದು ಕೈಸನ್ನೆ ಮಾಡಿ, ಸುರಿಯುವ ಮಳೆಯಲ್ಲಿ ಚೀಲ ಹೊತ್ತು, ಕಾಲ ಸಪ್ಪಳವಾಗದಂತೆ ತಗಡಿನ ಕಡೆಗೆ ನಡೆದುಹೋದ.