ಗಡಿಗೆ ಅಳೆದು ಹೊಲಿದ ಅಂಗಿ

ನಾನು ಚಿಕ್ಕವನಿದ್ದಾಗ ನನ್ನ ಅಂಗಿ ಮಾತ್ರ ಚಿಕ್ಕದಿರಲಿಲ್ಲ. ದೇವದುರ್ಗದ ನಮ್ಮ ಓಣಿಯಲ್ಲಿ ಮೊದಲು ಅಂಗಿ ಬರುತ್ತಿತ್ತು, ಅದರ ಹಿಂದೆ ನಾನು. ತೋಳು ಬೆರಳುಗಳನ್ನು ಮುಚ್ಚುತ್ತಿತ್ತು, ಕೆಳಗಿನ ಅಂಚು ಮೊಣಕಾಲಿಗೆ ಬಡಿಯುತ್ತಿತ್ತು. ಗೋಲಿಯಾಡಲು ಕೂತರೆ ಗೋಲಿಗಳು ಅಂಗಿಯೊಳಗೆ ಮಾಯವಾಗುತ್ತಿದ್ದವು. "ಬೆಳಿಯೋ ಹುಡುಗ, ದೊಡ್ಡದಾಗೇ ಹೊಲೀರಿ" ಎಂದು ಅಪ್ಪ ಟೇಲರಿಗೆ ಹೇಳುತ್ತಿದ್ದ. ನಾನು ಬೆಳೆಯುವಷ್ಟರಲ್ಲಿ ಅಂಗಿ ಹರಿದು ಅಡುಗೆಮನೆಯ ಮಸಿಬಟ್ಟೆಯಾಗಿರುತ್ತಿತ್ತು.

ನಗಬೇಡಿ, ಇನ್ನೂ ಇದೆ. ಆ ಟೇಲರು ನನ್ನ ಮೈಗೆ ಟೇಪು ಹಿಡಿಯುವಂತೆಯೇ ಇರಲಿಲ್ಲ. ಅದು ನಮ್ಮ ಅಜ್ಜಿಯ ಕಟ್ಟಪ್ಪಣೆ. ಬೆಳೆಯುವ ಮಕ್ಕಳ ಮೈ ಅಳೆದರೆ ಬೆಳವಣಿಗೆ ಅಲ್ಲಿಗೇ ನಿಂತುಬಿಡುತ್ತದೆ ಎಂದು ಅವಳು ನಂಬಿದ್ದಳು. ಹಾಗಾಗಿ ಅಳತೆಗೆ ಹಳೆಯ ಅಂಗಿಯನ್ನೇ ಒಯ್ಯಬೇಕು. ಹಳೆಯದು ಮೊದಲೇ ದೊಗಳೆ, ಟೇಲರು ಅದಕ್ಕೆ ಇನ್ನೊಂದಿಷ್ಟು ಸೇರಿಸಿ ಹೊಲಿಯುತ್ತಿದ್ದ. ಹೀಗೆ ನನಗಿಂತ ನನ್ನ ಅಂಗಿಗಳೇ ಬೇಗ ಬೆಳೆದವು.

ಒಂದು ಬೇಸಿಗೆಯಲ್ಲಿ ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ರಾಯಚೂರಿನಿಂದ ಬಂದಳು. ಅಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿದ್ದು ಹೊಲಿಗೆ ಕ್ಲಾಸು ಮುಗಿಸಿದ್ದಳು. ಬಂದವಳ ಬಾಯಲ್ಲಿ ಒಂದೇ ಮಾತು, ಹೊಲಿಗೆ ಮಷೀನು. ಮಷೀನು ಬಂದರೆ ಓಣಿಯ ಹೆಂಗಸರ ಕುಬಸಗಳನ್ನು, ನೀವು ಬ್ಲೌಸ್ ಅನ್ನುತ್ತೀರಲ್ಲ, ಅವನ್ನೆಲ್ಲ ತಾನೇ ಹೊಲಿಯುತ್ತೇನೆ ಎಂದು ಅಪ್ಪನ ಹಿಂದೆ ಬಿದ್ದಳು. ಅಪ್ಪ ಊಟ ಮಾಡುತ್ತಲೇ ತೀರ್ಪು ಕೊಟ್ಟ.

"ಮೊದ್ಲ ಇವನಿಗೊಂದು ಅಂಗಿ ಕೈಲೇ ಹೊಲಿ. ಮಾನ್ವಿ ಊರಾಗಿನ ಮದಿವಿಗೆ ಹಾಕ್ಕೊಂಡು ಬರಲಿ. ಮೈಗೆ ಸರಿಯಾಗಿ ಕುಂತ್ರ ಮಷೀನ್ ತರ್ತೀನಿ. ಇಲ್ಲಂದ್ರ ಆ ಮಾತು ಮತ್ತ ಎತ್ತಬ್ಯಾಡ."

ಅಕ್ಕನಿಗೆ ಮಷೀನಿನ ಆಸೆ, ನನಗೆ ಮೈಗೆ ಕೂರುವ ಅಂಗಿಯ ಆಸೆ. ಇಬ್ಬರೂ ಒಂದಾದೆವು. ಮರುದಿನ ಮಧ್ಯಾಹ್ನ ಅಜ್ಜಿ ಪಕ್ಕದ ಮನೆಗೆ ಹೋದದ್ದೇ ತಡ, ಅಕ್ಕ ನನ್ನನ್ನು ಪಡಸಾಲೆಯ ಬಂಡೆ ಮೇಲೆ ನಿಲ್ಲಿಸಿ ಟೇಪು ಬಿಚ್ಚಿದಳು. ಟೇಪು ಎದೆಗೆ ತಾಗಿತ್ತೋ ಇಲ್ಲವೋ, ಬಾಗಿಲಲ್ಲಿ ಅಜ್ಜಿ. ಟೇಪನ್ನು ಕಿತ್ತುಕೊಂಡು ಎಲೆ ಅಡಿಕೆಯ ಚೀಲಕ್ಕೆ ತುರುಕಿದಳು. ಆಮೇಲೆ ಅಲ್ಲೇ ಕೂತು ಶೇಂಗಾ ಸುಲಿಯತೊಡಗಿದಳು. ಇನ್ನು ಏಳುವ ಲಕ್ಷಣವಿರಲಿಲ್ಲ.

ಅಕ್ಕನ ಕಣ್ಣು ತುಂಬಿತು. ಅದನ್ನು ನೋಡಿ ನನಗೂ ಅಳು ಬಂತು. ಅವಳು ಹಿಂದಿನಿಂದ ನನ್ನನ್ನು ತಬ್ಬಿಕೊಂಡಳು. ಅವಳ ಕೈಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ ಇತ್ತು. ಸ್ವಲ್ಪ ಹೊತ್ತಿಗೆ ಅವಳ ಅಳು ನಿಂತಿತು, ತಬ್ಬಿದ ಕೈ ಮಾತ್ರ ಬಿಡಲಿಲ್ಲ. ನನ್ನ ಎದೆಯ ಮೇಲೆ ಅವಳ ಒಂದು ಕೈಯ ಬೆರಳು ಇನ್ನೊಂದು ಕೈಯ ಮಣಿಕಟ್ಟನ್ನು ಮುಟ್ಟಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನಂತರ ನನ್ನನ್ನು ಬಿಟ್ಟು ಸೀದಾ ಅಡುಗೆಮನೆಗೆ ನಡೆದಳು.

ಅಲ್ಲಿ ಮೂಲೆಯಲ್ಲಿ ಮಣ್ಣಿನ ಗಡಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ದೊಡ್ಡದರಲ್ಲಿ ತೊಗರಿ, ಅದರ ಮೇಲಿನದರಲ್ಲಿ ಮೆಣಸಿನಕಾಯಿ, ಹೀಗೆ. ಅಕ್ಕ ಒಂದೊಂದನ್ನೇ ಇಳಿಸಿ, ನನ್ನನ್ನು ತಬ್ಬಿದ ಹಾಗೇ ತಬ್ಬಿ ನೋಡಿದಳು. ತೊಗರಿ ಗಡಿಗೆಗೆ ಬೆರಳು ಬೆರಳಿಗೂ ಮುಟ್ಟಲಿಲ್ಲ. ಮೆಣಸಿನಕಾಯಿ ಗಡಿಗೆ ತಬ್ಬಿ ಸೀನಿದಳು. ಹುಣಸೆಹಣ್ಣಿನ ಗಡಿಗೆಯನ್ನು ತಬ್ಬಿದಾಗ ಬೆರಳು ಸರಿಯಾಗಿ ಮಣಿಕಟ್ಟಿಗೆ ಬಂತು. ಅಂದರೆ ನನ್ನ ಎದೆ ಹುಣಸೆ ಗಡಿಗೆಯಷ್ಟು.

"ಏನ್ ಬೇ, ಗಡಿಗಿ ಅಪ್ಕೊಂಡು ಯಾಕ ಕುಂತಿ? ಬಿಸಿಲು ತಲಿಗೇರ್ತೇನು?" ಎಂದಳು ಅಜ್ಜಿ.

"ಗಡಿಗಿ ಅಳೀಬೇಕಿತ್ತು, ಅಜ್ಜಿ. ಟೇಪು ಕೊಡು."

ಅಜ್ಜಿ ಚೀಲದಿಂದ ಟೇಪು ತೆಗೆದು ಎಸೆದಳು. "ಅಳಕೋ. ಅದೇನು ಬೆಳಿಬೇಕಾಗಿಲ್ಲ."

ಆಮೇಲೆ ಕೇಳಬೇಕೆ. ಅಕ್ಕ ನನ್ನ ಕೊರಳಿಗೆ ಎರಡೂ ಅಂಗೈ ಸುತ್ತಿದಳು, ಹಾಗೇ ಹೋಗಿ ತಂಬಿಗೆಗಳ ಕೊರಳಿಗೆ ಸುತ್ತಿ ನೋಡಿದಳು. ಗೋಡೆಗೆ ಒರಗಿಸಿದ್ದ ಒನಕೆಯ ಪಕ್ಕ ನನ್ನನ್ನು ನಿಲ್ಲಿಸಿ, ಭುಜದ ಹತ್ತಿರ ಒಂದು, ಸೊಂಟದ ಕೆಳಗೆ ಒಂದು ಅರಿಸಿನದ ಬೊಟ್ಟು ಇಟ್ಟಳು. ತೋಳಿಗೆ ಲಟ್ಟಣಿಗೆ ಸರಿಹೋಯಿತು. ನನಗೆ ಕಚಗುಳಿ ತಡೆಯಲಾಗದೆ ನೆಲದ ಮೇಲೆ ಉರುಳಾಡಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನ್ನ ಇಡೀ ಮೈ ಅವತ್ತು ಅಡುಗೆಮನೆಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು.

ಮದುವೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಅಂಗಿ ತೊಟ್ಟೆ. ನೀಲಿ ಚೌಕಡಿಯ ಬಟ್ಟೆ. ಮೈ ಮೇಲೆ ಅಂಗಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಬಹಳ ದಿನಗಳ ಮೇಲೆ ನನ್ನ ಅಂಗೈ ನನಗೇ ಕಂಡಿತು. ಅಪ್ಪ ನನ್ನನ್ನು ತಿರುಗಿಸಿದ, ಕೈ ಎತ್ತಿಸಿದ, ಕೂರಿಸಿದ, ಎಬ್ಬಿಸಿದ. ಅಕ್ಕ ಕಂಬಕ್ಕೆ ಅಂಟಿಕೊಂಡು ಉಗುರು ಕಚ್ಚುತ್ತಿದ್ದಳು.

"ಕುಂತದ ಖರೆ" ಎಂದ ಅಪ್ಪ, "ಆದ್ರ ಬರೋ ವರ್ಷಕ್ಕ?"

ಅಕ್ಕ ಓಡಿ ಬಂದು ಅಂಗಿಯ ಅಂಚನ್ನು ಮಗುಚಿದಳು. ಕೆಳಗೆ, ತೋಳಲ್ಲಿ, ಪಕ್ಕದ ಹೊಲಿಗೆಯಲ್ಲಿ, ಎಲ್ಲ ಕಡೆ ಒಳಗೆ ಬಟ್ಟೆ ಮಡಚಿಟ್ಟಿದ್ದಳು. "ಅವ ಬೆಳದಂಗ ಬಿಚ್ಕೊಂತ ಹೋಗೂದು, ಯಪ್ಪಾ."

ಅಪ್ಪನ ಮುಖ ಅರಳಿತು. ಆದರೆ ಅಜ್ಜಿಯ ಮುಖ ಬಿಗಿದುಕೊಂಡಿತು. ಇಷ್ಟು ಸರಿಯಾಗಿ ಕೂತಿದೆ ಎಂದರೆ ಇವಳು ಕದ್ದು ಅಳೆದಿದ್ದಾಳೆ ಎಂಬ ಗುಮಾನಿ ಅವಳಿಗೆ. "ಲೇ, ಅಕ್ಕ ನಿನ್ನ ಅಳದಳೇನು?" ಎಂದು ನನ್ನನ್ನೇ ಹಿಡಿದು ಕೇಳಿದಳು.

"ಇಲ್ಲಜ್ಜಿ, ಹುಣಸಿ ಗಡಿಗಿ ಅಳದಳು" ಎಂದೆ.

ಅಜ್ಜಿ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅಕ್ಕನನ್ನು. ಎದ್ದು ಬಚ್ಚಲ ಕಡೆ ಹೋದಳು. ಬರುವಾಗ ನೀರು ತುಂಬುವ ದೊಡ್ಡ ಹರವಿಯನ್ನು ಉರುಳಿಸಿಕೊಂಡು ಬಂದು ಅಕ್ಕನ ಮುಂದೆ ನಿಲ್ಲಿಸಿದಳು.

"ನಂದು ಇಷ್ಟು. ಮಷೀನ್ ಬಂದ ಮ್ಯಾಲ ಮೊದಲ ಕುಬಸ ನನಗ ಹೊಲಿ."

ಅಪ್ಪ ನಕ್ಕ ನಗೆಗೆ ಮಾನ್ವಿಯ ಬಸ್ಸು ತಪ್ಪುವುದೊಂದು ಬಾಕಿ. ಮದುವೆಯಲ್ಲಿ ನಾನು ಊಟಕ್ಕಿಂತ ಹೆಚ್ಚು ಹೊತ್ತು ಕೈ ಬೀಸಿಕೊಂಡು ಓಡಾಡಿದೆ. ಆ ಹತ್ತಿ ಸುಗ್ಗಿಗೆ ಮಷೀನು ಬಂತು.

ಈಗ ನಿಮ್ಮ ಅಂಗಿ ಪಾರ್ಸೆಲ್ಲಿನಲ್ಲಿ ಬರುತ್ತದೆ. ಕೊರಳಪಟ್ಟಿಯಲ್ಲಿ ಅಳತೆಯನ್ನು ಬರೆದೇ ಕಳಿಸುತ್ತಾರೆ. ಸರಿಹೋಗದಿದ್ದರೆ ವಾಪಸ್ಸು, ಮತ್ತೊಂದು ಬರುತ್ತದೆ. ಒಳ್ಳೆಯದೇ, ಗೋಲಿ ಕಳೆಯುವುದಿಲ್ಲ. ಆದರೂ ನೀವು ರಜೆಗೆ ಬಂದಾಗೆಲ್ಲ ದೊಡ್ಡಜ್ಜಿ ಹಿಂದಿನಿಂದ ತಬ್ಬಿಕೊಂಡು ಎಷ್ಟು ಹೊತ್ತಾದರೂ ಬಿಡುವುದಿಲ್ಲ ಎಂದು ನನ್ನ ಹತ್ತಿರ ದೂರು ಹೇಳುತ್ತೀರಲ್ಲ, ಇನ್ನು ಮುಂದೆ ಕೊಸರಾಡಬೇಡಿ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಅವಳು ಅಳತೆ ತೆಗೆದುಕೊಳ್ಳುತ್ತಿರುತ್ತಾಳೆ.