ಬಸವಕಲ್ಯಾಣದ ನಿಕಾಹಕ್ಕೆ, ಹುಮನಾಬಾದ್ ದಾರಿಯಾಗಿ

ಕಲಬುರಗಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಹುಮನಾಬಾದಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಹೆಂಗಸಾದ್ದರಿಂದ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಕಮಲಾಪುರ ದಾಟಿದ ಮೇಲೆ ಸಿಕ್ಕಿತು. ಮಾರ್ಚ್ ತಿಂಗಳ ಬಿಸಿಲು ಆಗಲೇ ಜೋರಾಗಿತ್ತು. ಬಿಸಿಲಿಗೆ ಹೆದರಿದರೆ ನಮ್ಮೂರವರು ಎಲ್ಲಿಗೂ ಹೋಗಲಾರರು.

ಹುಮನಾಬಾದಿನ ಮುಸ್ಲಿಂ ಮಹಿಳೆಯರ ಸಂಘವೊಂದನ್ನು ನೋಡಬೇಕಿತ್ತು. ಸಂಘವೆಂದ ಮೇಲೆ ಬೋರ್ಡು, ಮೈಕು, ಶಾಲು ಇದ್ದೇ ಇರುತ್ತವೆಂದು ಭಾಷಣವನ್ನೂ ಬರೆದುಕೊಂಡಿದ್ದೆ. ಇದ್ದದ್ದು ಟೇಲರ್ ಅಂಗಡಿಯ ಮೇಲೊಂದು ಕೋಣೆ, ಒಂದು ಚಾಪೆ, ಏಳು ಹೆಂಗಸರು. ಭಾಷಣ ಚೀಲದಲ್ಲೇ ಉಳಿಯಿತು, ಒಳ್ಳೆಯದೇ ಆಯಿತು.

ಸಂಘ ನಡೆಸುವ ಮೆಹರುನ್ನಿಸಾ ಅವರಿಗೆ ಅರವತ್ತು ದಾಟಿದೆ, ಎಲ್ಲರೂ ಕರೆಯುವುದು ಆಪಾ, ಅಂದರೆ ಅಕ್ಕ ಎಂದು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸುತ್ತಲೇ ತಮ್ಮ ಕೆಲಸ ವಿವರಿಸಿದರು. ಮದುವೆ ಗೊತ್ತಾದ ಹುಡುಗಿಯರಿಗೆ ಮದುವೆಯ ಕರಾರುಪತ್ರವಾದ ನಿಕಾಹನಾಮಾ ಓದಿಸುವುದು, ಅದರಲ್ಲಿ ಶರ್ತು ಬರೆಯಲು ಬಿಟ್ಟ ಜಾಗ ತೋರಿಸುವುದು.

"ಹಿರ್ಯಾರು ಬಂದು ಒಪ್ಪಿಗಿ ಅದ ಏನಮ್ಮಾ ಅಂತ ಕೇಳ್ತಾರ್ರಿ. ಹುಡ್ಗಿ ನಾಚಿ ಸುಮ್ಮ ಕುಂತ್ರ ಅದೇ ಒಪ್ಪಿಗಿ ಅಂತ ಎದ್ದು ಹೋಗ್ತಾರ. ಅದಕ್ಕ ನಾವು ಬಾಯಿ ಬಿಡೋದು ಕಲಸಾಕತ್ತೀವ್ರಿ."

ಆ ಚಾಪೆಯ ಮೇಲೆ ಕಲಿತುಹೋದ ಸಮೀನಾಳ ನಿಕಾಹ ಮರುದಿನ ಬಸವಕಲ್ಯಾಣದಲ್ಲಿತ್ತು. ಅವಳ ನರ್ಸಿಂಗ್ ಓದು ಇನ್ನೊಂದು ವರ್ಷ ಬಾಕಿ. ಓದಿಸುತ್ತೇವೆಂದು ಗಂಡಿನವರು ಹೇಳಿದ್ದು ಬಾಯಿಮಾತಿನಲ್ಲಿ. ಬರೆದು ಕೊಡಬೇಕೆಂಬುದು ಅವಳ ಶರ್ತು.

ರಾತ್ರಿ ಆಪಾ ಮನೆಯಲ್ಲಿ ಉಳಿದು ಬೆಳಿಗ್ಗೆ ಇಬ್ಬರೂ ಬಸ್ಸು ಹಿಡಿದೆವು. ಮೂವತ್ತು ಕಿಲೋಮೀಟರ್ ಸುಮಾರು.

"ಕೇಳ್ತಾಳಂತೀರಾ?" ಎಂದೆ.

"ಯಾರಿಗ್ಗೊತ್ತ್ರಿ? ಚಾಪಿ ಮ್ಯಾಲ ಎಲ್ಲಾರೂ ಜೋರ್ ಇರ್ತಾರ."

ಮಧ್ಯಾಹ್ನದ ನಮಾಜಿನ ನಂತರ ಸಮೀನಾಳ ಸೋದರಮಾವ ಇಬ್ಬರು ಸಾಕ್ಷಿಗಳೊಂದಿಗೆ ಹೆಂಗಸರ ಕೋಣೆಗೆ ಬಂದರು. ವರನ ಹೆಸರು, ಅವನು ವಧುವಿಗೆ ಕೊಡಬೇಕಾದ ಮೆಹರಿನ ಹಣ ಓದಿ ಒಪ್ಪಿಗೆ ಕೇಳಿದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮಾವ ಒಂದು ಗಳಿಗೆ ಕಾದು, ಕಾಗದ ಮಡಚಿ ಎದ್ದೇಬಿಟ್ಟರು. ನಾನು ಆಪಾ ಕಡೆ ನೋಡಿದೆ. ಹುಡುಗಿಯ ಬದಲು ತಾವು ಮಾತಾಡಬಾರದೆಂಬುದು ಸಂಘದ ಕಟ್ಟಳೆ, ಆಪಾ ತುಟಿ ಬಿಗಿಹಿಡಿದಿದ್ದರು.

"ಮಾಮೂ, ಮೈ ಅಬ್ಬೀ ಹೌ ನೈ ಬೋಲಿ."

ನಾನಿನ್ನೂ ಹೌದು ಅಂದಿಲ್ಲ ಎಂದಳು ಸಮೀನಾ. ಓದಿನ ಮಾತು ಬರೆದಿದ್ದೀರಾ ಎಂದು ಕೇಳಿದಳು. ಬರೆದಿರಲಿಲ್ಲ. ಮಾವ ಮುಖ ಕೆಂಪಗೆ ಮಾಡಿಕೊಂಡು ಗಂಡಸರ ಕಡೆ ಹೋದರು.

ಅವಳ ತಾಯಿ ಆಪಾ ಮೇಲೆ ತಿರುಗಿಬಿದ್ದರು. "ಲಗ್ನ ಮುರುದ್ರ ನೀವ್ ನೋಡ್ಕೋತೀರೇನ್ರಿ?"

ಹೊರಗೆ ಬಿರಿಯಾನಿ ಹಂಡೆಯ ಮುಚ್ಚಳ ತೆಗೆದ ಘಮ ಬಂತು, ಯಾರೂ ಏಳಲಿಲ್ಲ. ಕಾಲು ಗಂಟೆಯ ಮೇಲೆ ಮಾವ ಮರಳಿದರು. ಶರ್ತಿನ ಜಾಗ ಇರುವುದೇ ಇದಕ್ಕೆ ಎಂದು ಹೇಳಿ, ನಿಕಾಹ ಓದಿಸುವ ಖಾಜಿ ಸಾಹೇಬರು ಓದಿನ ಮಾತು ಬರೆದಿದ್ದರು, ವರ ಸಹಿ ಹಾಕಿದ್ದ. ಸಮೀನಾ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪರದೆಯಾಚೆಯ ಗಂಡಸರಿಗೂ ಕೇಳುವಂತೆ "ಹೌ" ಎಂದಳು. ನನಗೆ ಕಣ್ಣೀರು ಬಂತು, ಅವಳ ತಾಯಿಗೂ.

ಸಂಜೆಯ ಬಸ್ಸಿನಲ್ಲಿ, ನಿಮ್ಮ ನಿಕಾಹ ಹೇಗಾಯಿತೆಂದು ಆಪಾರನ್ನು ಕೇಳಿದೆ.

"ನಾ ಹತ್ತನೇತ್ತ ಸಾಲಿ ಮುಗಸ್ಬೇಕಂತ ಹೇಳಾವ್ಳಿದ್ದೆರಿ. ಧೈರ್ಯ ಮಾಡಿ ಬಾಯಿ ತೆಗ್ಯೋದ್ರಾಗ ನಿಕಾಹ ಆತಂತ ಹೊರಗ ಖಜೂರ ಹಂಚಾಕತ್ತಿದ್ರು."

ಇವತ್ತಿನ ಖರ್ಜೂರವನ್ನು ಅವರು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ನನಗೊಂದು ಕೊಟ್ಟು, ತಾವೂ ಒಂದನ್ನು ಬಾಯಿಗೆ ಹಾಕಿಕೊಂಡರು.