ಭಾವನ ಪರದೆ ಹಳದಿಯಾದದ್ದು

ನಮ್ಮ ಭಾವ, ಎಂದರೆ ಅಕ್ಕನ ಗಂಡ, ಅಂಗಡಿಗಳಿಗೆ ಬೋರ್ಡು ಮಾಡಿಕೊಡುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ: ಒಂದು ಕಂಪ್ಯೂಟರು, ಅಗಲವಾದ ಪ್ರಿಂಟರು, ಮೂಲೆಯಲ್ಲಿ ಫ್ಲೆಕ್ಸಿನ ಸುರುಳಿಗಳು. ಬಣ್ಣದ ವಿಷಯದಲ್ಲಿ ಅವರದು ಎತ್ತಿದ ಕೈ. ತಪ್ಪು ಒಪ್ಪಿಕೊಳ್ಳುವ ವಿಷಯದಲ್ಲಿ ಮಾತ್ರ ಆ ಕೈ ಮೇಲೇಳುವುದೇ ಇಲ್ಲ.

ಕಂಪ್ಯೂಟರನ್ನು ನಡೆಸುವ ತಂತ್ರಾಂಶ ಲಿನಕ್ಸ್. ಅದರ ಸೌಕರ್ಯವೋ ಶಾಪವೋ, ಪರದೆಯ ಇಡೀ ಚಹರೆಯನ್ನೇ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು. ಆ ಚಹರೆಗೆ ಡೆಸ್ಕ್‌ಟಾಪ್ ಅನ್ನುತ್ತಾರೆ. ವರ್ಷಗಟ್ಟಲೆ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಜೊತೆ ಸುಖವಾಗಿ ಸಂಸಾರ ಮಾಡಿಕೊಂಡಿದ್ದ ಭಾವ ಒಂದು ದಿನ ತಗಾದೆ ತೆಗೆದರು.

“ಬಿಳಿ ಬಿಳಿಯಾಗಿ ಕಾಣ್ತಿಲ್ಲ ಕಣಯ್ಯಾ. ಹಳದಿ ಹೊಡೀತಿದೆ. ಈ ಡೆಸ್ಕ್‌ಟಾಪೇ ಸರಿಯಿಲ್ಲ.”

ಗ್ನೋಮ್ ಹೋಗಿ ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬಂತು. ಮೊದಮೊದಲು ಬಾಯ್ತುಂಬ ಹೊಗಳಿಕೆ, ಆಮೇಲೆ ಅದೇ ಹಳದಿ ಪುರಾಣ. ಅದೂ ಹೋಗಿ ಎಕ್ಸ್‌ಎಫ್‌ಸಿಇ ಬಂತು. ಅದೇ ಕಂಪ್ಯೂಟರಿನಲ್ಲಿ ಬಿಲ್ಲು ಮಾಡುವ ಅಕ್ಕ ಪ್ರತಿ ಸಲವೂ ತನ್ನ ಫೈಲುಗಳಿಗಾಗಿ ಪರದೆಯನ್ನೆಲ್ಲ ತಡಕಾಡಬೇಕು.

“ನಿಮ್ಮ ಭಾವ ಕೂತಲ್ಲೇ ಮನೆ ಬದಲಾಯಿಸ್ತಾರೆ ಕಣೋ,” ಎನ್ನುತ್ತಿದ್ದಳು.

ನಗು ಬರುವ ಮಾತಾದರೂ ಇದು ಅವರ ಹೊಟ್ಟೆಪಾಡಿನ ಪ್ರಶ್ನೆ. ಹಳದಿ ಕಂಡಲ್ಲೆಲ್ಲ ಭಾವ ನೀಲಿ ಸುರಿದು ‘ಸರಿ’ ಮಾಡುತ್ತಿದ್ದರು. ಬೇಕರಿಯವನು ಬಂದು, “ಕೆನೆ ಬಣ್ಣ ಕೇಳಿದ್ದೆ ಸಾರ್. ಬ್ರೆಡ್ಡಿಗೆ ಬೂಷ್ಟು ಹಿಡಿದ ಹಾಗಿದೆ” ಎಂದು ಗೊಣಗುತ್ತಲೇ ಬೋರ್ಡು ಒಯ್ದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಔಷಧಿ ಅಂಗಡಿಯವರೂ ಬೇರೆ ಕಡೆ ಹೋದರು. ಭಾವ ಮಾತ್ರ ಇನ್ನೊಂದು ಡೆಸ್ಕ್‌ಟಾಪ್ ಹುಡುಕುತ್ತಾ ಕೂತರು.

ಅಷ್ಟರಲ್ಲಿ ಅಕ್ಕ ಅವರಿಗೊಂದು ಹೊಸ ಬಿಳಿ ಅಂಗಿ ತಂದಳು. ಭಾವ ಅದನ್ನು ಬಿಡಿಸಿದವರೇ ಮುಖ ಸಿಂಡರಿಸಿದರು.

“ಹಳೇ ಸ್ಟಾಕು ತಗುಲಿಸಿದ್ದಾನಲ್ಲೇ! ನೋಡು, ಎಷ್ಟು ಹಳದಿ!”

“ಅಂಗಿಗೂ ಒಂದು ಹೊಸ ಡೆಸ್ಕ್‌ಟಾಪ್ ಹಾಕ್ಬಿಡಿ,” ಎಂದ ಅಕ್ಕನಿಗೆ ತಟ್ಟನೆ ಏನೋ ಹೊಳೆಯಿತು. ಅವರನ್ನು ಕಿಟಕಿಯ ಬಳಿಗೆ ಎಳೆದು ಕಣ್ಣನ್ನೇ ದಿಟ್ಟಿಸಿ ನೋಡಿದಳು. ಮಧ್ಯಾಹ್ನವೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು; ಬಿಳಿಯೆಲ್ಲ ಹಳದಿಯಾಗಿ ಕಾಣುತ್ತಿದ್ದದ್ದು ಅದರಿಂದಲೇ.

ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಮುಗಿದು, ಕೊನೆಯ ಪಟ್ಟಿ ಬಿಚ್ಚಿಸಿಕೊಂಡು ನಾವು ಮೂವರೂ ನಡೆದು ಬರುತ್ತಿದ್ದೆವು. ಬೇಕರಿಯ ಮುಂದೆ ಭಾವ ನಿಂತುಬಿಟ್ಟರು.

“ಥೂ, ಯಾವನಯ್ಯಾ ಈ ಬೋರ್ಡು ಮಾಡಿದ್ದು? ಬ್ರೆಡ್ಡಿಗೆ ಬೂಷ್ಟು ಹಿಡಿದ ಹಾಗಿದೆ!”

ನಾನು ನಗು ನುಂಗಿಕೊಂಡೆ. ಅಕ್ಕ ನಗಲಿಲ್ಲ.

“ನೀವೇ ಕಣ್ರೀ,” ಎಂದಳು ಮೆಲ್ಲಗೆ.

ಈಗ ಪಾಪದ ಡೆಸ್ಕ್‌ಟಾಪಿಗೆ ಬೈಗುಳ ಕಾದಿದೆ ಅಂದುಕೊಂಡೆ. ಭಾವ ಬೋರ್ಡನ್ನು ನೋಡುತ್ತಲೇ ನಿಂತಿದ್ದರು. ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಆಮೇಲೆ ಒಳಗೆ ಹೋಗಿ ಬೇಕರಿಯವನಿಗೆ ಹೇಳಿದರು: “ತಪ್ಪು ನನ್ನದಪ್ಪಾ. ನಾಳೆ ಬೇರೆ ಬೋರ್ಡು ಹಾಕ್ತೀನಿ.”

ಮನೆಗೆ ಬಂದವರು ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಅಕ್ಕನ ಕಡೆಗೆ ಸರಿಸಿದರು.

“ಇಷ್ಟು ದಿನ ಕಣ್ಣು ಕಾಣದವನು ಆರಿಸಿದ್ದಾಯ್ತು. ಇನ್ಮೇಲೆ ನೀನು ಆರಿಸು.”

ಅಕ್ಕ ಹಳೆಯ ಗ್ನೋಮನ್ನೇ ಆರಿಸಿದಳು.